ನಿಮ್ಮ ವೆಬ್‌ಸೈಟಿನ ಪ್ರತಿ ಎಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಸೈಟು ಅಂದರೆ ಥರ್ಟಿ ಫಾರ್ಟಿ ಸೈಟು. ಅದನ್ನು ಕೊಳ್ಳುವ ಮುಂಚೆ ಖಾತೆ ನೋಡುತ್ತೇವೆ, ಇಸಿ ತೆಗೆಸುತ್ತೇವೆ, ಗೊತ್ತಿರುವ ವಕೀಲರಿಗೆ ಪತ್ರಗಳನ್ನು ತೋರಿಸುತ್ತೇವೆ. ಅಕ್ಕಪಕ್ಕದವರನ್ನು ಮಾತಾಡಿಸಿ ಕಾವೇರಿ ನೀರು ಹೇಗೆ ಬರುತ್ತದೆ ಅಂತಲೂ ವಿಚಾರಿಸುತ್ತೇವೆ. ಇನ್ನೊಂದು ಸೈಟಿದೆ, ವೆಬ್‌ಸೈಟು. ಅದಕ್ಕೆ ಜಾಗ ಹಿಡಿಯುವಾಗ ಮಾತ್ರ ಇದ್ಯಾವುದೂ ಇಲ್ಲ. ತಿಂಗಳಿಗೆ ಎಷ್ಟು ಅಂತ ಕೇಳುತ್ತೇವೆ, ಕಡಿಮೆ ಹೇಳಿದವರಿಗೆ ದುಡ್ಡು ಕಟ್ಟುತ್ತೇವೆ, ಮುಗಿಯಿತು.

ಸಣ್ಣ ಅಂಗಡಿಗಳ, ಸಣ್ಣ ಕಾರ್ಖಾನೆಗಳ ವೆಬ್‌ಸೈಟು ನೋಡಿಕೊಳ್ಳುವುದು ನನ್ನ ಕಸುಬು. ಎಲ್ಲಿ ಹೋದರೂ ಒಂದೇ ಪ್ರಶ್ನೆ. "ಸಾರ್, ಯಾವ ಕಂಪನಿ ಹೋಸ್ಟಿಂಗ್ ಒಳ್ಳೇದು?" ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಕೇಳಿದ್ದಾರೆ. ಬಾನುಲಿಯಲ್ಲಿ ಇಂಥ ಕಂಪನಿ ಒಳ್ಳೇದು ಅಂತ ಹೇಳುವ ಹಾಗಿಲ್ಲ. ಹೇಳಬಹುದಾಗಿದ್ದರೂ ನಾನು ಹೇಳುತ್ತಿರಲಿಲ್ಲ. ಏಕೆಂದರೆ ಪ್ರಶ್ನೆಯೇ ಸರಿಯಿಲ್ಲ. ಕೇಳಬೇಕಾದ ಪ್ರಶ್ನೆ ಇದು: ಈ ಕಂಪನಿ ನಾಳೆ ಬೆಳಿಗ್ಗೆ ಕೈಕೊಟ್ಟರೆ, ನನ್ನ ವೆಬ್‌ಸೈಟಿನ ಒಂದು ಪ್ರತಿ ನನ್ನ ಹತ್ತಿರ ಇದೆಯೇ? ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ಹೊಸಬರಿಗಾಗಿ ಎರಡು ಮಾತು. ವೆಬ್‌ಸೈಟು ಅಂದರೆ ಒಂದಷ್ಟು ಫೈಲುಗಳು, ಜೊತೆಗೆ ಸಾಮಾನ್ಯವಾಗಿ ಒಂದು ಡೇಟಾಬೇಸ್, ಅಂದರೆ ಮಾಹಿತಿಯನ್ನು ಜೋಡಿಸಿಟ್ಟ ಲೆಕ್ಕದ ಪುಸ್ತಕ. ಅದನ್ನು ಹಗಲೂ ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ಇಡಬೇಕು. ಆ ಕಂಪ್ಯೂಟರೇ ಸರ್ವರ್. ಅದರಲ್ಲಿ ಜಾಗ ಬಾಡಿಗೆಗೆ ಕೊಡುವವರೇ ಹೋಸ್ಟಿಂಗ್ ಕಂಪನಿಯವರು. ತೀರಾ ಅಗ್ಗದ್ದು ಶೇರ್ಡ್ ಹೋಸ್ಟಿಂಗ್. ಅದು ನಮ್ಮ ಹಳೇ ವಠಾರ. ಒಂದೇ ಸರ್ವರಿನಲ್ಲಿ ನೂರಾರು ವೆಬ್‌ಸೈಟು, ಎಲ್ಲರಿಗೂ ಒಂದೇ ನಲ್ಲಿ. ಪಕ್ಕದ ಮನೆಯವರು ಹತ್ತು ಕೊಡ ಸಾಲಾಗಿ ಇಟ್ಟರೆ ನಿಮಗೆ ನೀರು ಸಣ್ಣಗೆ ಬರುತ್ತದೆ. ಸ್ವಲ್ಪ ಹೆಚ್ಚು ಕೊಟ್ಟರೆ ವಿಪಿಎಸ್: ಕಟ್ಟಡ ಅದೇ ಆದರೂ ನಿಮ್ಮ ಪೋರ್ಷನ್ ಬೇರೆ, ನಲ್ಲಿ ಬೇರೆ. ಸಣ್ಣ ಅಂಗಡಿಗೆ ವಠಾರ ಸಾಕು. ನನ್ನ ತಕರಾರು ವಠಾರದ ಮೇಲಲ್ಲ.

ಈಗ ಸುಲ್ತಾನ್‌ಪೇಟೆಗೆ ಬನ್ನಿ. ಅಲ್ಲಿ ನನಗೆ ಬೇಕಾದವರೊಬ್ಬರ ಲಗ್ನಪತ್ರಿಕೆ ಅಂಗಡಿಯಿದೆ. ಯಜಮಾನರು ಬಲು ಶಿಸ್ತಿನವರು. ಯಾವ ಕಾರ್ಡು ಅಚ್ಚಾದರೂ ಎರಡು ಪ್ರತಿ ತೆಗೆದು ದಪ್ಪ ಆಲ್ಬಂಗೆ ಅಂಟಿಸಿ ಬೀರುವಿನಲ್ಲಿ ಇಡುತ್ತಾರೆ. ತಂದೆಯ ಮದುವೆಗೆ ಮಾಡಿಸಿದ ಕಾರ್ಡಿನ ಥರವೇ ಬೇಕು ಅಂತ ಮಗ ಬಂದರೆ, ಏಣಿ ಹತ್ತಿ ತೆಗೆದುಕೊಡುತ್ತಾರೆ. ಇನ್ನು ಪ್ರೂಫ್ ವಿಷಯದಲ್ಲಂತೂ ರಾಜಿಯೇ ಇಲ್ಲ. ಗಂಡಿನ ಕಡೆ, ಹೆಣ್ಣಿನ ಕಡೆ, ಇಬ್ಬರೂ ನೋಡಿ ಸಹಿ ಹಾಕುವವರೆಗೆ ಮೆಷಿನ್ ಓಡುವುದಿಲ್ಲ. "ಒಂದು ಇನಿಷಿಯಲ್ ತಪ್ಪಾದ್ರೆ ಐನೂರು ಕಾರ್ಡು ನನ್ನ ತಲೆ ಮೇಲೆ ಸಾರ್" ಅನ್ನುತ್ತಾರೆ.

ಇವರ ವೆಬ್‌ಸೈಟು ಮಾಡಿಕೊಟ್ಟವನು ನಾನು. ಅಗ್ಗದ ಹೋಸ್ಟಿಂಗ್ ಕೊಡಿಸಿದವನೂ ನಾನೇ. "ಅನ್‌ಲಿಮಿಟೆಡ್ ಜಾಗ, ವಾರಕ್ಕೊಮ್ಮೆ ಉಚಿತ ಬ್ಯಾಕಪ್" ಅಂತ ಬರೆದಿತ್ತು. ಬ್ಯಾಕಪ್ ಅಂದರೆ ಬೇರೆಯಾಗಿ ತೆಗೆದಿಡುವ ಪ್ರತಿ. ನಾನೂ ನಂಬಿದೆ. ಒಂಬತ್ತು ವರ್ಷ ಚೆನ್ನಾಗಿಯೇ ನಡೆಯಿತು. ಬೇರೆ ಊರಿನವರು ಫೋನಿನಲ್ಲೇ ಡಿಸೈನ್ ನಂಬರ್ ಹೇಳಿ ಆರ್ಡರ್ ಕೊಡುತ್ತಿದ್ದರು.

ಮಾಘ ಮಾಸ, ಮದುವೆ ಸೀಸನ್ನು. ಬೆಳಿಗ್ಗೆ ಹತ್ತೂವರೆಗೆ ಫೋನು. "ಸಾರ್, ಸೈಟು ಓಪನ್ ಆಗ್ತಿಲ್ಲ, ಪಾರ್ಟಿ ಎದುರಿಗೇ ಕೂತಿದ್ದಾರೆ." ನಾನು ಕಂಪನಿಗೆ ದೂರು ಬರೆದೆ. ಉತ್ತರವಿಲ್ಲ. ಸಂಜೆ ಮತ್ತೆ ಬರೆದೆ. ಎರಡನೇ ದಿನ ರಾತ್ರಿ ನಾಲ್ಕು ಸಾಲಿನ ಉತ್ತರ ಬಂತು: ಸರ್ವರಿನ ಡಿಸ್ಕು ಹೋಗಿದೆ. ನಿಮ್ಮ ಖಾತೆಯಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಫೈಲು ಇದ್ದುದರಿಂದ ಬ್ಯಾಕಪ್ ಆಗಿಲ್ಲ. ನಿಯಮಗಳನ್ನು ಓದಿಕೊಳ್ಳಿ.

ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಲಕ್ಷ ಫೈಲು ಎಲ್ಲಿಂದ ಬಂತು ಅಂತೀರಾ? ಲೆಕ್ಕ ಹಾಕಿ. ನಾಲ್ಕು ಸಾವಿರ ಡಿಸೈನು, ಒಂದೊಂದಕ್ಕೆ ಎರಡು ಫೋಟೋ, ಎಂಟು ಸಾವಿರವಾಯಿತು. ನೀವು ಒಂದು ಫೋಟೋ ಹಾಕಿದರೆ, ಸೈಟು ನಡೆಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ತಾನಾಗಿಯೇ ಅದರ ಚಿಕ್ಕ ಚಿಕ್ಕ ಅಳತೆಯ ಪ್ರತಿಗಳನ್ನು ಮಾಡಿಟ್ಟುಕೊಳ್ಳುತ್ತದೆ. ಅಲ್ಲಿಗೆ ಐವತ್ತು ಸಾವಿರ ದಾಟಿತು. ಮೇಲೆ ಒಂಬತ್ತು ವರ್ಷದ ಇಮೇಲು. ಅಂಥ ಸರ್ವರುಗಳಲ್ಲಿ ಒಂದೊಂದು ಇಮೇಲೂ ಒಂದೊಂದು ಫೈಲು. ಅನ್‌ಲಿಮಿಟೆಡ್ ಎಂಬ ಪದದ ಬಾಲದಲ್ಲಿ ಫೈಲುಗಳ ಎಣಿಕೆಗೆ ಮಿತಿ ಇದೆ ಅಂತ ನಿಯಮದ ಪುಟದಲ್ಲಿ ಬರೆದೇ ಇತ್ತು. ನಾನು ಓದಿರಲಿಲ್ಲ.

ನನ್ನ ಹತ್ತಿರ ಒಂದು ಪ್ರತಿ ಇತ್ತು. ಆಷಾಢದಲ್ಲಿ ಮದುವೆ ಇಲ್ಲವಲ್ಲ, ಅಂಗಡಿ ಖಾಲಿ. ಆಗ ಒಮ್ಮೆ ಕೂತು ತೆಗೆದಿದ್ದೆ. ಅದೂ ಎರಡು ಆಷಾಢದ ಹಿಂದೆ. ಧೈರ್ಯವಾಗಿ ಲ್ಯಾಪ್‌ಟಾಪ್ ಹೊತ್ತುಕೊಂಡು ಅಂಗಡಿಗೆ ಹೋದೆ. ತೆರೆದು ನೋಡಿದರೆ ಫೋಟೋಗಳಿವೆ, ಡೇಟಾಬೇಸ್ ಅರ್ಧಕ್ಕೇ ತುಂಡಾಗಿದೆ. ಯಾವ ಫೋಟೋ ಯಾವ ನಂಬರು, ಯಾವ ಬೆಲೆ, ಏನೂ ಇಲ್ಲ. ಯಜಮಾನರು ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು: "ಇದನ್ನ ತೆಗೆದಾಗ ಪ್ರೂಫ್ ನೋಡಿದ್ರಾ ಸಾರ್?"

ಆಮೇಲೆ ಹನ್ನೊಂದು ದಿನ ಬೀರುವಿನಿಂದ ಆಲ್ಬಂ ಇಳಿಸಿ, ಒಂದೊಂದೇ ಕಾರ್ಡಿನ ಹಿಂದೆ ಅವರು ಪೆನ್ಸಿಲ್ಲಿನಲ್ಲಿ ಬರೆದಿದ್ದ ನಂಬರು ನೋಡಿ, ಮತ್ತೆ ಎಲ್ಲ ಏರಿಸಿದೆವು. ಅವರ ಹೆಂಡತಿ ನಂಬರು ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಕಾಗದದ ಪ್ರತಿ ಇಟ್ಟಿದ್ದರಿಂದ ಅಂಗಡಿ ಉಳಿಯಿತು.

ಇದು ಅಗ್ಗದ ಕಂಪನಿಗಳ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರಿಗೆ, ಅಂದರೆ ಸರ್ವರುಗಳನ್ನು ಇಡುವ ಜಾಗಕ್ಕೆ, ಬೆಂಕಿ ಬಿದ್ದು, ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪೂ ಅದೇ ಜಾಗದಲ್ಲಿದ್ದವರು ಎರಡನ್ನೂ ಕಳೆದುಕೊಂಡರು. ಕಂಪನಿ ಇಟ್ಟುಕೊಳ್ಳುವ ಬ್ಯಾಕಪ್ ಕಂಪನಿಯದು. ನಿಮ್ಮದು ನಿಮ್ಮ ಮನೆಯ ಹಾರ್ಡ್ ಡಿಸ್ಕಿನಲ್ಲಿರಬೇಕು. ಕಾವೇರಿ ನೀರು ಬರುತ್ತದೆ ಅಂತ ಗೊತ್ತಿದ್ದೂ ಸಂಪು ಕಟ್ಟಿಸುವ ಊರು ನಮ್ಮದು. ಇದನ್ನು ನಾನು ಬಿಡಿಸಿ ಹೇಳಬೇಕೇ?

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಕಂಪನಿಯವರನ್ನು ಕೇಳಿ: ಪೂರ್ತಿ ಪ್ರತಿಯನ್ನು ನಾನೇ ಇಳಿಸಿಕೊಳ್ಳಲು ಬಟನ್ ಎಲ್ಲಿದೆ, ತೋರಿಸಿ. ತೋರಿಸದಿದ್ದರೆ ಎದ್ದು ಬನ್ನಿ. ಇಳಿಸಿಕೊಂಡ ಮೇಲೆ ಅದನ್ನು ಬೇರೆಡೆ ಹಾಕಿ, ತೆರೆದುಕೊಳ್ಳುತ್ತದೆಯೇ ನೋಡಿ. ಪ್ರೂಫ್ ನೋಡದ ಪ್ರತಿ ಪ್ರತಿಯಲ್ಲ. ಇದನ್ನು ಕಲಿಯಲು ನನಗೆ ಹನ್ನೊಂದು ದಿನ ಬೇಕಾಯಿತು.

ನನಗೆ ಕೊಟ್ಟ ಹೊತ್ತಿನಲ್ಲಿ ಬಹುಪಾಲು ಸುಲ್ತಾನ್‌ಪೇಟೆಗೇ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 99.9 ಪರ್ಸೆಂಟ್ ಅಪ್‌ಟೈಮ್ ಅಂತ, ಅಂದರೆ ಸೈಟು ಅಷ್ಟು ಹೊತ್ತು ಚಾಲೂ ಇರುತ್ತದೆ ಅಂತ, ಜಾಹೀರಾತು ಕೊಡುತ್ತಾರೆ. ಅದರ ಅರ್ಥ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ನಿಂತರೂ ಅವರು ಮಾತು ಉಳಿಸಿಕೊಂಡ ಹಾಗೆಯೇ. ಬರೀ 99 ಅಂದರೆ ಮೂರೂವರೆ ದಿನ ಮೀರುತ್ತದೆ. ಮೊದಲ ವರ್ಷದ ಬೆಲೆ ನೋಡಬೇಡಿ, ರಿನ್ಯೂವಲ್ ಬೆಲೆ ಕೇಳಿ. ಗಿರಾಕಿಗಳು ಇಲ್ಲಿಯವರಾದರೆ ಸರ್ವರ್ ಮುಂಬೈಯಲ್ಲೋ ಚೆನ್ನೈಯಲ್ಲೋ ಇರಲಿ, ಅಮೆರಿಕದಲ್ಲಿ ಏಕೆ? ಸೈಟಿಗೆ ಹೋಗಿಬರುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದಂತೆ ಕಾಯುವ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಸಣ್ಣ ಅಂಗಡಿಯವರು ಅದಕ್ಕೆ ದುಡ್ಡು ಕೊಡಬೇಕಿಲ್ಲ. ಭಾನುವಾರ ರಾತ್ರಿ ಹತ್ತಕ್ಕೆ ಒಂದು ಪ್ರಶ್ನೆ ಕಳಿಸಿ, ಯಾರು ಎಷ್ಟು ಹೊತ್ತಿಗೆ ಉತ್ತರಿಸುತ್ತಾರೆ ನೋಡಿ, ಆಮೇಲೆ ಸೇರಿ.

ಮತ್ತೆ ಡೊಮೇನ್, ಅಂದರೆ ನಿಮ್ಮ ವೆಬ್‌ಸೈಟಿನ ವಿಳಾಸ. ಡಾಟ್ ಕಾಮ್, ಡಾಟ್ ಇನ್, ಯಾವುದಾದರೂ ಸರಿ, ಅದರ ಖಾತೆ ನಿಮ್ಮ ಹೆಸರಿನಲ್ಲಿರಲಿ, ನಿಮ್ಮದೇ ಇಮೇಲಿಗೆ. ವೆಬ್‌ಸೈಟು ಮಾಡಿಕೊಟ್ಟ ಅಕ್ಕನ ಮಗನ ಹೆಸರಿನಲ್ಲಿ ಬೇಡ. ಅವನು ಒಳ್ಳೆಯ ಹುಡುಗನೇ ಇರಬಹುದು, ನಾಳೆ ಕೆನಡಾಕ್ಕೆ ಹೋಗುತ್ತಾನೆ. ಇದರ ಬಗ್ಗೆಯೇ ಇನ್ನೊಂದು ದಿನ ಮಾತಾಡಬೇಕು, ನಿಲಯದವರು ಕರೆದರೆ.

ಲಗ್ನಪತ್ರಿಕೆ ಯಜಮಾನರು ಈಗ ಪ್ರತಿ ಅಮಾವಾಸ್ಯೆ ಅಂಗಡಿ ಮುಂದೆ ಬೂದುಗುಂಬಳಕಾಯಿ ಒಡೆದ ಮೇಲೆ ಒಳಗೆ ಹೋಗಿ ವೆಬ್‌ಸೈಟಿನ ಪ್ರತಿ ಇಳಿಸುತ್ತಾರೆ. ಹಾರ್ಡ್ ಡಿಸ್ಕಿಗೂ ಒಂದು ಬೊಟ್ಟು ಕುಂಕುಮ ಇದೆ. ತಿಂಗಳಿಗೊಮ್ಮೆ ಸಾಲದು ಅಂತ ಗೊಣಗಿದೆ. ಹೋದ ತಿಂಗಳಿಂದ ಹುಣ್ಣಿಮೆಗೂ ಶುರು ಮಾಡಿದ್ದಾರೆ.

ನಮಸ್ಕಾರ.