ಕೋಲ್ಡ್ ಕಾಫಿ ನೀರಾಗದಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬಿಸಿಲು ಏರಿದ ದಿನಗಳಲ್ಲಿ ಸಂಜೆ ನಾಲ್ಕರ ಹೊತ್ತಿಗೆ ನಾಲಿಗೆ ಕಾಫಿ ಬೇಡುತ್ತದೆ, ಮೈ ಮಾತ್ರ ಬಿಸಿ ಲೋಟವನ್ನು ಒಲ್ಲೆ ಅನ್ನುತ್ತದೆ. ಮನೆಯ ಮಕ್ಕಳಿಗಂತೂ ಹೋಟೆಲಿನ ಎತ್ತರದ ಗ್ಲಾಸು, ಮೇಲೆ ದಪ್ಪ ನೊರೆ, ಒಳಗೆ ಪುಡಿಪುಡಿಯಾದ ಐಸು, ಇವೇ ಕಣ್ಮುಂದೆ. ಅದನ್ನು ಮನೆಯ ಮಿಕ್ಸಿಯಲ್ಲಿ ಮಾಡಿ ನೋಡಿದವರು ಸಾಮಾನ್ಯವಾಗಿ ಹೇಳುವ ದೂರು ಒಂದೇ: "ಮೊದಲೆರಡು ಗುಟುಕು ಚೆನ್ನಾಗಿತ್ತು, ಆಮೇಲೆ ಬರೀ ನೀರು ನೀರು." ಇವತ್ತು ನಾನು ಮಾತಾಡಬೇಕೆಂದಿರುವುದು ಮುಖ್ಯವಾಗಿ ಈ ನೀರಿನ ಬಗ್ಗೆಯೇ. ನೀರು ಸೇರದಂತೆ ನೋಡಿಕೊಂಡರೆ ಮಿಕ್ಕಿದ್ದೆಲ್ಲ ಸುಲಭ.

ನೀರು ಎಲ್ಲಿಂದ ಬರುತ್ತದೆ? ಐಸಿನಿಂದ, ನಿಜ. ಆದರೆ ಎಷ್ಟು ಬರುತ್ತದೆ ಎನ್ನುವುದು ನಮ್ಮ ಕೈಯಲ್ಲಿದೆ. ಆಗತಾನೆ ಇಳಿದ, 80 ಡಿಗ್ರಿ ಬಿಸಿ ಇರುವ 100 ಗ್ರಾಂ ಡಿಕಾಕ್ಷನ್ನಿಗೆ ಐಸು ಹಾಕಿದಿರಿ ಅಂದುಕೊಳ್ಳಿ. ಅದು ಐಸಿನಷ್ಟೇ ತಣ್ಣಗಾಗಬೇಕಾದರೆ ಹೆಚ್ಚುಕಡಿಮೆ 100 ಗ್ರಾಂ ಐಸು ಕರಗಿ ಹೋಗಬೇಕು. ಒಂದು ಗ್ರಾಂ ಐಸು ಕರಗಲು ಸುಮಾರು 80 ಕ್ಯಾಲರಿ ಶಾಖ ಬೇಕು, ಲೆಕ್ಕ ಸರಿಯಾಗಿ ಅಲ್ಲಿಗೇ ಬರುತ್ತದೆ. ಅಂದರೆ ಡಿಕಾಕ್ಷನ್ ಎಷ್ಟಿದೆಯೋ ಅಷ್ಟೇ ನೀರು ಸೇರಿತು. ಅದೇ ಡಿಕಾಕ್ಷನ್ ಫ್ರಿಜ್ಜಿನಲ್ಲಿ 5 ಡಿಗ್ರಿಗೆ ಇಳಿದಿದ್ದರೆ ಕರಗುವುದು ಆರೇಳು ಗ್ರಾಂ ಮಾತ್ರ. ಆದ್ದರಿಂದ ಮಿಕ್ಸಿಯ ಹತ್ತಿರ ಹೋಗುವ ಮುಂಚೆ ಡಿಕಾಕ್ಷನ್, ಹಾಲು ಎರಡೂ ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಾಗಿರಲಿ. ಸಾಧ್ಯವಾದರೆ ಜಾರ್ ಮತ್ತು ಗ್ಲಾಸುಗಳನ್ನೂ ಸ್ವಲ್ಪ ಹೊತ್ತು ಒಳಗಿಡಿ. ಬಿಸಿ ಡಿಕಾಕ್ಷನ್ನನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸುವುದು ಅಪಾಯ ಕೂಡ, ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ ಸುಡಬಹುದು.

ಇನ್ನು ಡಿಕಾಕ್ಷನ್. ಈ ವಿಷಯದಲ್ಲಿ ನಾವು ಪುಣ್ಯವಂತರು. ನಮ್ಮ ಅಡುಗೆಮನೆಯ ಎರಡು ಅಂತಸ್ತಿನ ಸ್ಟೀಲ್ ಫಿಲ್ಟರ್ ಕೋಲ್ಡ್ ಕಾಫಿಗೆಂದೇ ಹುಟ್ಟಿದಂತಿದೆ. ಗಟ್ಟಿ ರಸಕ್ಕಾಗಿ ಬೇರೆ ದೇಶಗಳಲ್ಲಿ ಎಷ್ಟೋ ಜನ ದುಬಾರಿ ಎಸ್ಪ್ರೆಸೊ ಯಂತ್ರ ಕೊಳ್ಳುತ್ತಾರೆ. ಎರಡು ಗ್ಲಾಸಿಗೆ 30 ಗ್ರಾಂ ಪುಡಿ ತೆಗೆದುಕೊಳ್ಳಿ, ಅಂದರೆ ದೊಡ್ಡ ಚಮಚದಲ್ಲಿ ಐದಾರು ಚಮಚ. ಮೇಲಿನ ಪಾತ್ರೆಗೆ ಹಾಕಿ, ಕೊಡೆಯಂಥ ಬಿಲ್ಲೆಯಿಂದ ಮೆಲ್ಲಗೆ ಒತ್ತಿ. ಬಿಗಿಯಾಗಿ ಒತ್ತಿದರೆ ಇಳಿಯುವುದೇ ಇಲ್ಲ. ಕುದಿ ನಿಂತ 160 ಮಿಲಿಲೀಟರ್ ನೀರನ್ನು ನಿಧಾನವಾಗಿ ಸುರಿಯಿರಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೆಳಗೆ ಬರುವುದು 100 ಮಿಲಿಲೀಟರ್ ಆಸುಪಾಸು. ಅದೇ ಪುಡಿಗೆ ಎರಡನೇ ಸಲ ನೀರು ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಬಿಸಿ ಕಾಫಿಗೆ ಅದು ನಡೆದೀತು, ಇದಕ್ಕೆ ಖಂಡಿತ ಬೇಡ.

ಸಕ್ಕರೆ ಹಾಕಬೇಕಾದ ಸಮಯವೂ ಇದೇ, ಡಿಕಾಕ್ಷನ್ ಬಿಸಿ ಇರುವಾಗಲೇ. ತಣ್ಣನೆ ಹಾಲಿನಲ್ಲಿ ಸಕ್ಕರೆ ಬೇಗ ಕರಗುವುದಿಲ್ಲ, ಕೊನೆಗೆ ಗ್ಲಾಸಿನ ತಳದಲ್ಲಿ ಹರಳು ಕೂರುತ್ತದೆ. ಎರಡು ಗ್ಲಾಸಿಗೆ ಎರಡು ದೊಡ್ಡ ಚಮಚ ಸಾಕು. ತಣ್ಣಗಿರುವ ಪದಾರ್ಥದಲ್ಲಿ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಹಾಗಾಗಿ ಬಿಸಿಯಲ್ಲಿ ರುಚಿ ನೋಡಿದಾಗ ಕೊಂಚ ಜಾಸ್ತಿಯೆನಿಸಿದರೆ ಅದು ಸರಿಯಾದ ಅಳತೆ. ಹೊರಗಿನ ಕೋಲ್ಡ್ ಕಾಫಿಗಳಲ್ಲಿ ಸಕ್ಕರೆ ಅಷ್ಟೊಂದು ಸುರಿಯುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಾದರೆ ಲಗಾಮು ನಮ್ಮ ಕೈಯಲ್ಲೇ ಇರುತ್ತದೆ.

ಈಗ ಮುಖ್ಯವಾದ ಮಾತು. ಸಿಹಿ ಹಾಕಿದ ಆ ಡಿಕಾಕ್ಷನ್ ಆರಿದ ಮೇಲೆ ಅದರಲ್ಲಿ ಮೂರನೇ ಒಂದು ಭಾಗವನ್ನು ಐಸ್ ಟ್ರೇಗೆ ಸುರಿಯಿರಿ. ಎರಡು ಗುಳಿ ತುಂಬುತ್ತದೆ. ಪಕ್ಕದ ಆರು ಗುಳಿಗಳಿಗೆ ಕಾಯಿಸಿ ಆರಿಸಿದ ಹಾಲು. ರಾತ್ರಿಯಿಡೀ ಫ್ರೀಜರಿನಲ್ಲಿರಲಿ. ಬೆಳಗ್ಗೆ ನೋಡಿದರೆ ಎರಡು ಕಪ್ಪು ಬಿಲ್ಲೆ, ಆರು ಬಿಳಿ ಬಿಲ್ಲೆ. ಕಪ್ಪು ಬಿಲ್ಲೆಯನ್ನು ಬೆರಳಲ್ಲಿ ಹಿಡಿದರೆ ಸಕ್ಕರೆಯಿಂದಾಗಿ ತುಸು ಅಂಟುತ್ತದೆ, ನೀರಿನ ಐಸಿನಷ್ಟು ಕಲ್ಲಾಗಿರುವುದಿಲ್ಲ. ಮಿಕ್ಸಿಯ ಬ್ಲೇಡಿಗೂ ಅದು ಹಿತ. ಇವು ಕರಗಿದರೂ ಕರಗಿ ಬರುವುದು ಕಾಫಿ, ಹಾಲು. ನೀರು ಒಂದು ಹನಿಯೂ ಸೇರುವುದಿಲ್ಲ. ಕೊನೆಯ ಗುಟುಕೂ ಮೊದಲ ಗುಟುಕಿನಷ್ಟೇ ಗಟ್ಟಿ.

ಪುಡಿ ಯಾವುದು ಎಂದು ಕೇಳುವವರಿದ್ದಾರೆ. ಅರೇಬಿಕಾ ಪರಿಮಳದ ಬೀಜ, ರೊಬಸ್ಟಾ ಕಹಿ ಮತ್ತು ಗಟ್ಟಿತನದ ಬೀಜ, ಕೆಫೀನು ಕೂಡ ಅದರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಥಂಡಿಯಲ್ಲಿ ಪರಿಮಳ ಅಡಗಿಬಿಡುತ್ತದೆ, ಮೂಗಿಗೆ ಏಳುವ ಆವಿಯೇ ಇರುವುದಿಲ್ಲವಲ್ಲ. ಆದ್ದರಿಂದ ಚಿಕ್ಕಮಗಳೂರಿನ ಒಳ್ಳೆಯ ಅರೇಬಿಕಾ ನಿಮ್ಮ ಬಳಿ ಇದ್ದರೆ ಅದನ್ನು ಬೆಳಗಿನ ಬಿಸಿ ಕಾಫಿಗೆ ಉಳಿಸಿಕೊಳ್ಳಿ. ಕೋಲ್ಡ್ ಕಾಫಿಗೆ ರೊಬಸ್ಟಾ ಬೆರೆತ ಪುಡಿಯೇ ನನಗೆ ಮೆಚ್ಚು. ಚಿಕೋರಿಯ ಬಗ್ಗೆ ಮೂಗು ಮುರಿಯುವವರಿದ್ದಾರೆ, ಇಲ್ಲಿ ಮಾತ್ರ ನಾನು ಅದರ ಪಕ್ಷ. ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ 80-20 ಕೇಳಿ, ಅಂದರೆ 80 ಪಾಲು ಕಾಫಿ, 20 ಪಾಲು ಚಿಕೋರಿ. ಆ ಬೇರಿನ ಪುಡಿ ಡಿಕಾಕ್ಷನ್ನಿಗೆ ಮಂದ ಕೊಡುತ್ತದೆ, ಬಣ್ಣ ಕೊಡುತ್ತದೆ, ಹಾಲಿನ ಎದುರು ನಿಲ್ಲುತ್ತದೆ.

ಹಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕೆನೆಯನ್ನು ಮಿಕ್ಸಿಗೆ ಹಾಕಿ, ಐಸ್ ನೀರು ಬಿಟ್ಟು ಬೆಣ್ಣೆ ತೆಗೆಯುವುದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ವಿದ್ಯೆ. ಕೋಲ್ಡ್ ಕಾಫಿ ಮಾಡುವಾಗ ನಡೆಯುವುದೂ ಅದೇ ಕೆಲಸ. ಕೆನೆಗಟ್ಟಿದ ಹಾಲನ್ನು ಹಾಗೇ ಸುರಿದು ಬಹಳ ಹೊತ್ತು ತಿರುಗಿಸಿದರೆ ಮೇಲೆ ಬೆಣ್ಣೆಯ ಚೂರುಗಳು ತೇಲುತ್ತವೆ, ತುಟಿಗೆ ಜಿಡ್ಡು ಅಂಟುತ್ತದೆ. ಹಾಲನ್ನು ಸೋಸಿಯೇ ಬಳಸಿ.

ಮಿಕ್ಸಿಯ ದೊಡ್ಡ ಜಾರಿಗೆ ಮೊದಲು 150 ಮಿಲಿಲೀಟರ್ ತಣ್ಣನೆ ಹಾಲು, ಉಳಿದ ಡಿಕಾಕ್ಷನ್. ಬಿಲ್ಲೆಗಳು ಆಮೇಲೆ. ತಳದಲ್ಲಿ ದ್ರವ ಇಲ್ಲದಿದ್ದರೆ ಬ್ಲೇಡು ಬರಿದೇ ತಿರುಗುತ್ತದೆ, ಬಿಲ್ಲೆ ಮೇಲೇ ಕುಣಿಯುತ್ತಿರುತ್ತದೆ. ಬಿಲ್ಲೆ ದೊಡ್ಡದಿದ್ದರೆ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಎರಡೇಟು ಕೊಟ್ಟು ಹಾಕಿ. ಗುಂಡಿಯನ್ನು ಒಮ್ಮೆಗೇ ಮೂರನೇ ನಂಬರಿಗೆ ತಿರುಗಿಸಬೇಡಿ. ಪಲ್ಸ್ ಕಡೆಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿ. ಕಿವಿ ಕೊಟ್ಟು ಕೇಳಿ: ಮೊದಲು ಗಡಗಡ ಸದ್ದು, ಆಮೇಲೆ ಕರಕರ, ಕಡೆಗೆ ಒಂದೇ ಸಮನಾದ ಸರ್ ಎನ್ನುವ ಸದ್ದು. ಆ ಸದ್ದು ಬಂದ ಮೇಲೆ ಹತ್ತು ಸೆಕೆಂಡು ಎರಡನೇ ನಂಬರಿನಲ್ಲಿ ಓಡಿಸಿ ನಿಲ್ಲಿಸಿಬಿಡಿ. ಇನ್ನೂ ಓಡಿಸಿದರೆ ಜಾರಿನೊಳಗೆ ಬಿಸಿ ಹುಟ್ಟಿ ಐಸೆಲ್ಲ ಕರಗುತ್ತದೆ. ಮಿಕ್ಸಿ ಥಟ್ಟನೆ ನಿಂತರೆ ಹೆದರಬೇಡಿ. ಪ್ಲಗ್ ಕಿತ್ತು, ಸ್ವಲ್ಪ ಆರಲು ಬಿಟ್ಟು, ಅಡಿಯಲ್ಲಿರುವ ಕೆಂಪು ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ.

ಹೋಟೆಲಿನ ಮಂದ ನಮಗೆ ಯಾಕೆ ಬರುವುದಿಲ್ಲ? ದೊಡ್ಡ ಕಂಪನಿಗಳು ಐಸು ಮತ್ತು ಹಾಲು ಬೇರೆಯಾಗದಂತೆ ಸಾಂಥನ್ ಗಮ್ ಎಂಬ ಅಂಟನ್ನು ಬೆರೆಸುತ್ತವೆ. ಅಮೆರಿಕದ ಸ್ಟಾರ್‌ಬಕ್ಸ್ 1995ರಲ್ಲಿ ತನ್ನ ಅಂಗಡಿಗಳಿಗೆಲ್ಲ ತಂದ ಫ್ರಾಪುಚಿನೊ ಮಾದರಿಯ ಪಾನೀಯಗಳ ಮೈಕಟ್ಟು ನಿಂತಿರುವುದು ಇಂಥ ಅಂಟಿನ ಮೇಲೆಯೇ. ಮನೆಯಲ್ಲಿ ಏಳೆಂಟು ಗೋಡಂಬಿಯನ್ನು ನೆನೆಸಿ, ಸ್ವಲ್ಪ ಹಾಲಿನಲ್ಲಿ ನುಣ್ಣಗೆ ಅರೆದು ಸೇರಿಸಿದರೆ ಸಾಕು. ಬಾಳೆಹಣ್ಣು ಹಾಕುವವರಿದ್ದಾರೆ, ಅದರ ವಾಸನೆ ಕಾಫಿಯನ್ನು ನುಂಗಿಬಿಡುತ್ತದೆ. ಐಸ್‌ಕ್ರೀಮು ಹಾಕಿದರೆ ಅದು ಮಿಲ್ಕ್‌ಶೇಕ್, ಮಕ್ಕಳಿಗೆ ಇಷ್ಟವಾಗಬಹುದು.

ಫಿಲ್ಟರ್ ಇಲ್ಲದ ಹಾಸ್ಟೆಲಿನ ಹುಡುಗರಿಗೆ, ಬಾಡಿಗೆ ಕೋಣೆಯಲ್ಲಿರುವವರಿಗೆ ಇನ್ನೊಂದು ದಾರಿ ಇದೆ, ಅದು ಗ್ರೀಸ್ ದೇಶದ್ದು. 1957ರಲ್ಲಿ ಥೆಸಲೋನಿಕಿ ನಗರದ ವಸ್ತುಪ್ರದರ್ಶನದಲ್ಲಿ ನೆಸ್ಲೆ ಕಂಪನಿಯ ಪರವಾಗಿ ಕೆಲಸ ಮಾಡುತ್ತಿದ್ದವರೊಬ್ಬರಿಗೆ ಕಾಫಿಗೆ ಬಿಸಿನೀರು ಸಿಗಲಿಲ್ಲವಂತೆ. ಇನ್‌ಸ್ಟಂಟ್ ಪುಡಿ, ತಣ್ಣೀರು ಹಾಕಿ ಶೇಕರಿನಲ್ಲಿ ಕುಲುಕಿದರು, ದಪ್ಪ ನೊರೆ ಬಂತು. ಇವತ್ತಿಗೂ ಆ ದೇಶದಲ್ಲಿ ಬೇಸಿಗೆಗೆ ಕುಡಿಯುವ ಪಾನೀಯಗಳಲ್ಲಿ ಅದೂ ಒಂದು, ಹೆಸರು ಫ್ರಾಪೆ. ಇನ್‌ಸ್ಟಂಟ್ ಪುಡಿಯಲ್ಲಿ ಎಣ್ಣೆಯ ಅಂಶ ತೀರಾ ಕಡಿಮೆ, ಅದಕ್ಕೇ ನೊರೆ ಒಡೆಯದೆ ನಿಲ್ಲುತ್ತದೆ. ಎರಡು ಚಿಕ್ಕ ಚಮಚ ಪುಡಿ, ಸಕ್ಕರೆ, ಎರಡು ದೊಡ್ಡ ಚಮಚ ತಣ್ಣೀರು, ಗಟ್ಟಿ ಮುಚ್ಚಳದ ಒಂದು ಬಾಟಲಿ. ಅರ್ಧ ನಿಮಿಷ ಜೋರಾಗಿ ಕುಲುಕಿ, ಮೇಲೆ ತಣ್ಣನೆ ಹಾಲು ಸುರಿಯಿರಿ. ಮಿಕ್ಸಿಯೂ ಬೇಡ.

ಕೊಡಗು, ಮಲೆನಾಡಿನ ಕಡೆಯವರು ಬೆಲ್ಲದ ಕಾಫಿ ಕುಡಿದು ಬೆಳೆದವರು. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುವ ಭಯ, ಹಾಗಾಗಿ ಕಪ್ಪು ಕಾಫಿಗೇ ಹಾಕುವುದು ರೂಢಿ. ತಣ್ಣನೆ ಹಾಲಿನಲ್ಲಿ ಆ ಭಯವಿಲ್ಲ. ಸಕ್ಕರೆಯ ಬದಲು ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲೇ ಕರಗಿಸಿ, ಸೋಸಿ, ಇದೇ ಕ್ರಮದಲ್ಲಿ ಮಾಡಿ ನೋಡಿ. ಹಾಲು ಒಗ್ಗದವರು ಹಸುವಿನ ಹಾಲಿನ ಜಾಗದಲ್ಲಿ ತೆಂಗಿನಕಾಯಿಯ ಗಟ್ಟಿ ಹಾಲು ಹಾಕಿಕೊಳ್ಳಬಹುದು, ಬೆಲ್ಲಕ್ಕೂ ಕಾಯಿಹಾಲಿಗೂ ಹೇಗಿದ್ದರೂ ಹಳೆಯ ನಂಟು. ಕಾಯಿಹಾಲನ್ನು ಮಾತ್ರ ಬಳಸುವ ಹೊತ್ತಿಗೇ ಹಿಂಡಿಕೊಳ್ಳಿ, ಫ್ರಿಜ್ಜಿನಲ್ಲಿಟ್ಟರೆ ಅದರ ಎಣ್ಣೆ ಮೇಲೆ ಗಟ್ಟಿಯಾಗಿ ಕೂರುತ್ತದೆ.

ನಮಸ್ಕಾರ.