ದಿನಾ ಕುಡಿಯುವುದಲ್ಲ, ದಿನಾ ತೊಳೆಯುವುದು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಬೆಳಿಗ್ಗೆ ಆರೂವರೆಯ ಕೊಡಗು. ಸರಿ, ನೋಡೋಕೆ ಏನೂ ಇಲ್ಲ, ಬರೀ ಬಿಳಿ. ಜುಲೈ ಮಂಜು ಅಂದರೆ ಹಾಗೇ. ಆ ಬಿಳಿಯ ಹಿಂದೆ ನಮ್ಮ ಕಾಫಿ ತೋಟ, ತೋಟದ ಅಂಚಿಗೆ ತಗಡಿನ ಮಾಡಿನ ಒಂದು ಕಟ್ಟಡ. ಅದೇ ನನ್ನ ಬ್ರೂವರಿ.

ಬಿಯರ್ ಮಾಡ್ತೀನಿ ಅಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ದಿನಾ ಕುಡೀತೀರಾ?’ ಇಲ್ಲ, ದಿನಾ ತೊಳೀತೀನಿ. ಗಂಬೂಟು, ಕೈಗೆ ದಪ್ಪ ಗ್ಲೌಸ್. ಮೊದಲು ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರು, ಮತ್ತೆ ಬರೀ ನೀರು, ಆಮೇಲೆ ಸ್ಯಾನಿಟೈಸರ್. ಟ್ಯಾಂಕಿನ ಮುಚ್ಚಳದ ರಬ್ಬರ್ ಬಿಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತಿದ್ದೇನೆ, ನೋಡಿ. ಆ ಸಂದಿಯಲ್ಲಿ ಬೇಡದ ಬ್ಯಾಕ್ಟೀರಿಯಾ ಕೂತರೆ ಟ್ಯಾಂಕಿಗೆ ಟ್ಯಾಂಕೇ ಹುಳಿ.

ಮೊಳಕೆ ಕಟ್ಟಿದ ರಾಗಿ ಮಾಲ್ಟ್ ಗೊತ್ತಲ್ವಾ? ಇಲ್ಲಿ ರಾಗಿ ಬದಲು ಬಾರ್ಲಿ. ನುಚ್ಚು ಮಾಡಿ 66 ಡಿಗ್ರಿ ನೀರಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟವೆಲ್ಲ ಸಕ್ಕರೆ ಆಗುತ್ತದೆ. ಸೋಸಿ, ಕುದಿಸಿ, ಕಹಿಗೆ ಹಾಪ್ಸ್ ಅನ್ನೋ ಹೂ ಹಾಕಿ, ತಣಿಸಿ ಯೀಸ್ಟ್ ಬಿಡುವುದು. ಅಲ್ಲಿಂದಾಚೆಗೆ ಸಕ್ಕರೆ ತಿಂದು ಅಮಲು ಮಾಡುವ ಕೆಲಸ ಯೀಸ್ಟ್‌ದು, ಕಾಯುವುದು ನನ್ನದು.

ಕಾಯೋದು ನನಗೇನು ಹೊಸದಲ್ಲ. ಚಿಕ್ಕವಳಿದ್ದಾಗ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಬಂದ ಅರೇಬಿಕಾ ಬೀಜವನ್ನು ಅಪ್ಪ ರಾತ್ರಿಯೆಲ್ಲ ತೊಟ್ಟಿಯಲ್ಲಿ ಬಿಡುತ್ತಿದ್ದರು. ಬೆಳಿಗ್ಗೆ ಒಂದು ಹಿಡಿ ತೆಗೆದು ಉಜ್ಜಿ ನೋಡುವುದು. ಲೋಳೆ ಬಿಟ್ಟು ಬೀಜ ಕರಕರ ಅಂದರೆ ತೊಳೆದು ಕಣಕ್ಕೆ. ಇನ್ನೂ ಜಾರಿದರೆ, ‘ಇರಲಿ ಬಿಡು.’ ಅಜ್ಜಿಯ ಭರಣಿಯಲ್ಲಿ ದ್ರಾಕ್ಷಿ ವೈನ್‌ನದೂ ಅದೇ ಕಥೆ. ದಿನಕ್ಕೊಂದು ಸಲ ಮರದ ಸೌಟಲ್ಲಿ ತಿರುವಿ, ಬಟ್ಟೆ ಕಟ್ಟಿ, ಕತ್ತಲೆ ಕೋಣೆಗೆ.

ಇದು ಮಾಲ್ಟ್ ತಂದ ಲಾರಿ. ಡ್ರೈವರ್ ಅಣ್ಣ ಕೇಳಿದ್ದು ಇಷ್ಟು: ‘ಮೇಡಂ, ಸಹಿ ಹಾಕೋಕೆ ಸಾರ್ ಇಲ್ವಾ?’ ಸಾರ್ ಅನ್ನೋರೇ ಇಲ್ಲ ಇಲ್ಲಿ. ಸಿಟ್ಟು ಬರಲಿಲ್ಲ, ಅಭ್ಯಾಸ ಆಗಿದೆ. ಕಿರಣ್ ಮಜುಂದಾರ್ ಶಾ ಆಸ್ಟ್ರೇಲಿಯಾದ ಬಲರಾಟ್‌ನಲ್ಲಿ ಬಿಯರ್ ತಯಾರಿಕೆ ಓದಿ ಮಾಸ್ಟರ್ ಬ್ರೂವರ್ ಆಗಿ ಬಂದವರು, 1975ರಲ್ಲಿ. ಅವರ ತಂದೆಯೂ ಬ್ರೂಮಾಸ್ಟರ್. ಆದರೂ ಹೆಣ್ಣು ಅನ್ನೋ ಕಾರಣಕ್ಕೆ ಭಾರತದಲ್ಲಿ ಆ ಕೆಲಸ ಸಿಗಲಿಲ್ಲ. 1978ರಲ್ಲಿ ಬಯೋಕಾನ್ ಅನ್ನೋ ಬಯೋಟೆಕ್ ಕಂಪನಿ ಶುರು ಮಾಡಿದರು. ದೇಶಕ್ಕೆ ಒಳ್ಳೆಯದೇ ಆಯಿತು, ಬಿಯರ್‌ಗೆ ಲಾಸು.

ನನ್ನ ದೊಡ್ಡ ಲಾಸು ಹೋದ ವರ್ಷದ ಆಗಸ್ಟ್‌ನಲ್ಲಿ. ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು, ಟ್ಯಾಂಕ್ ತಣ್ಣಗಿಡುವ ಚಿಲ್ಲರ್ ನಿಂತಿತು. ಜನರೇಟರ್‌ಗೆ ಡೀಸೆಲ್ ಹಾಕಿಸಿರಲಿಲ್ಲ, ತಪ್ಪು ನನ್ನದೇ. ಹುದುಗುವಾಗ ಟ್ಯಾಂಕ್ ತಾನೇ ಬಿಸಿಯಾಗುತ್ತದೆ. ಹೊರಗೆ ನಾವು ಸ್ವೆಟರ್ ಹಾಕಿ ನಡುಗುತ್ತಿದ್ದರೂ 18ರಲ್ಲಿ ಇರಬೇಕಾದ್ದು 26 ಡಿಗ್ರಿ ದಾಟಿತು. ಮೂಗು ಹತ್ತಿರ ತಂದರೆ ಕಳಿತ ಬಾಳೆಹಣ್ಣು, ಅದರ ಹಿಂದೆ ನೇಲ್ ಪಾಲಿಶ್. 500 ಲೀಟರ್ ಚೆಲ್ಲಿದೆ. ಆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಈ ಕಪ್ಪು ಬಿಯರ್ ನಮ್ಮ ಕಾಫಿ ಸ್ಟೌಟ್. ತೋಟದ್ದೇ ಅರೇಬಿಕಾ, ತರಿತರಿಯಾಗಿ ಪುಡಿ ಮಾಡಿ ತಣ್ಣೀರಲ್ಲಿ ರಾತ್ರಿಯಿಡೀ ಇಟ್ಟು, ಬಿಯರ್ ಹುದುಗಿ ಮುಗಿದ ಮೇಲೆ ಸೇರಿಸುತ್ತೇನೆ. ಜೊತೆಗೇ ಕುದಿಸಿದರೆ ಒಗರು. ಒಮ್ಮೆ ರೋಬಸ್ಟಾನೂ ಹಾಕಿ ನೋಡಿದೆ, ಸುಟ್ಟ ರಬ್ಬರ್ ಥರ ಆಯಿತು. ಕಿತ್ತಳೆ ಸಿಪ್ಪೆ ಹಾಕುವ ಆಸೆಯೂ ಇದೆ, ಆದರೆ ನಮ್ಮ ಕೊಡಗಿನ ಕಿತ್ತಳೆ ಮರಗಳು ರೋಗಕ್ಕೆ ಸಿಕ್ಕಿ ಈಗ ಉಳಿದಿರುವುದೇ ಬೆರಳೆಣಿಕೆ.

ಪಕ್ಕದ ಮನೆಯ ಅಕ್ಕ ಬಂದರು, ಬಕೆಟ್ ಸಮೇತ. ಸೋಸಿ ಉಳಿದ ಬಾರ್ಲಿ ಅವರ ಹಸುಗಳಿಗೆ. ಇವತ್ತೇ ಹಾಕಬೇಕು, ನಾಳೆಗೆ ಹುಳಿ ಬರುತ್ತದೆ. ‘ಬಿಸಿ ಇದೆ ಅಕ್ಕ, ಹುಷಾರು’ ಅಂದರೆ, ‘ಹಸುಗಳಿಗೆ ಅಮಲು ಬರಲ್ಲ ತಾನೇ?’ ಅಂತ ಈಗಲೂ ಕೇಳುತ್ತಾರೆ. ಬರಲ್ಲ, ಇದಕ್ಕೆ ಇನ್ನೂ ಯೀಸ್ಟೇ ಸೋಕಿಲ್ಲ.

ಕೊನೆಯ ಶಾಟ್. ಗಾಜಿನ ಜಾರ್‌ನಲ್ಲಿ ತೇಲುತ್ತಿರುವುದು ಹೈಡ್ರೋಮೀಟರ್, ಬಿಯರ್‌ನಲ್ಲಿ ಸಕ್ಕರೆ ಎಷ್ಟು ಇಳಿದಿದೆ ಅಂತ ತೋರಿಸುತ್ತದೆ. ನಿನ್ನೆ 1.014 ಇತ್ತು, ಇವತ್ತು 1.012. ಸಕ್ಕರೆ ಇನ್ನೂ ಇಳಿಯುತ್ತಿದೆ, ಅಂದರೆ ಇರಲಿ ಬಿಡು. ಇಲ್ಲಿ ಪರದೆ ಕಪ್ಪಾಗಿದ್ದು ಎಡಿಟಿಂಗ್ ಅಲ್ಲ, ಕರೆಂಟ್ ಹೋಯಿತು. ಹಿಂದೆ ಗಡಗಡ ಅನ್ನುತ್ತಿರುವುದು ಜನರೇಟರ್. ಈ ಸಲ ಡೀಸೆಲ್ ಇತ್ತು.