ಹಳೇ ಲ್ಯಾಪ್‌ಟಾಪ್‌ನಲ್ಲಿ ನಮ್ಮದೇ ವೆಬ್‌ಸೈಟು, ನಮ್ಮದೇ ಇಮೇಲು | ಸಾಗರ ವ್ಲಾಗ್

ಹ್ಞಾಂ, ಓಡ್ತಾ ಇದೆ. ಈಗ ಕಾಣ್ತಿರೋದು ನಮ್ಮನೆ ಟಿವಿ ಸ್ಟ್ಯಾಂಡಿನ ಕೆಳಗಿನ ಗೂಡು. ಅಮ್ಮ ಮದುವೆ ಕಾಗದ, ಹಳೇ ಕ್ಯಾಲೆಂಡರು ಎಲ್ಲ ತುರುಕಿಟ್ಟಿದ್ದ ಜಾಗ. ಇದನ್ನ ಖಾಲಿ ಮಾಡಿಸ್ಕೊಳ್ಳೋಕೆ ಪಟ್ಟ ಪಾಡು ಲಿನಕ್ಸ್ ಹಾಕೋಕೂ ಪಟ್ಟಿಲ್ಲ. ಲ್ಯಾಪ್‌ಟಾಪು ಅಣ್ಣ ಇಂಜಿನಿಯರಿಂಗ್ ಓದೋವಾಗಿಂದು. ಎರಡು ಕೀ ಕಿತ್ತೋಗಿದೆ, ಸ್ಕ್ರೀನ್ ಮೂಲೇಲಿ ಬಿರುಕಿದೆ. ಇರ್ಲಿ ಬಿಡಿ, ಸರ್ವರ್, ಅಂದ್ರೆ ಹಗಲೂ ರಾತ್ರಿ ಆನ್ ಇದ್ದು ವೆಬ್‌ಸೈಟು, ಮೇಲು ನೋಡ್ಕೊಳ್ಳೋ ಕಂಪ್ಯೂಟರ್ ಆದ್ಮೇಲೆ ಇದರ ಮುಖ ಯಾರು ನೋಡ್ತಾರೆ.

ಡೆಬಿಯನ್ ಅನ್ನೋ ಲಿನಕ್ಸ್ ಹಾಕೋದನ್ನ ಓಡಿಸ್ಬಿಡ್ತೀನಿ. ಡೆಸ್ಕ್‌ಟಾಪ್ ಟಿಕ್ ತೆಗೀರಿ, ಎಸ್‌ಎಸ್‌ಎಚ್, ಅಂದ್ರೆ ಬೇರೆ ಕಂಪ್ಯೂಟರಿಂದ ಇದನ್ನ ನಡೆಸೋ ದಾರಿ, ಅದರ ಟಿಕ್ ಇಡಿ, ಅಷ್ಟೇ. ಮುಚ್ಚಳ ಮುಚ್ಚಿದ್ರೂ ಲ್ಯಾಪ್‌ಟಾಪ್ ಮಲಗಬಾರದು ಅಂತ ಒಂದು ಸಾಲು ಹಾಕ್ಬೇಕು, ಸ್ಕ್ರೀನ್ ಮೇಲಿದೆ, ನಿಲ್ಲಿಸಿ ನೋಡ್ಕೊಳ್ಳಿ.

ಯಾಕೆ ಇದೆಲ್ಲ ಅಂದ್ರೆ, ಅಮ್ಮಂದು ಅಪ್ಪೆಮಿಡಿ ಉಪ್ಪಿನಕಾಯಿ. ವಾಟ್ಸ್ಯಾಪ್‌ನಲ್ಲೇ ಆರ್ಡರ್ ಬರ್ತಿತ್ತು, ಬೆಂಗಳೂರಿನವರು ‘ವೆಬ್‌ಸೈಟ್ ಇಲ್ವಾ’ ಅಂತ ಕೇಳೋಕೆ ಶುರು ಮಾಡಿದ್ರು. ನಾಲ್ಕು ಫೋಟೋ, ಒಂದು ಬೆಲೆಪಟ್ಟಿ. ಅದಕ್ಕೆ ವರ್ಷಾ ವರ್ಷಾ ಹೋಸ್ಟಿಂಗ್ ಬಾಡಿಗೆ ಯಾಕೆ ಕಟ್ಟಲಿ? ಡೊಮೇನ್ ಹೆಸರಿಗೆ ಮಾತ್ರ ದುಡ್ಡು, ಉಳಿದಿದ್ದು ಮನೇಲೇ ಅಂದ್ಕೊಂಡೆ. ಮನೇಲೇ ಅಂದ ತಕ್ಷಣ ಅಮ್ಮ ಕೇಳಿದ ಮೊದಲನೇ ಪ್ರಶ್ನೆ: ‘ರಾತ್ರಿನೂ ಆನ್ ಇರತ್ತಾ? ಗೃಹಜ್ಯೋತಿ ಹೋದ್ರೆ?’ ನ್ಯಾಯವಾದ ಪ್ರಶ್ನೆನೇ. ನಮಗೆ ಪುಕ್ಕಟೆ ಕರೆಂಟನ್ನ ಹಳೇ ಸರಾಸರಿ ಮೇಲೆ ಶೇಕಡಾ 10 ಮಾತ್ರ ಜಾಸ್ತಿ ಕೊಡ್ತಾರೆ, ಅದನ್ನ ದಾಟಿದ್ರೆ ಬಿಲ್ಲು. ಲೆಕ್ಕ ಹಾಕಿ ತೋರಿಸಿದೆ. ಸ್ಕ್ರೀನ್ ಆಫ್ ಆಗಿ ಸುಮ್ನೆ ಕೂತಿದ್ರೆ ಇದು 10 ವ್ಯಾಟ್ ಆಸುಪಾಸು ತಿನ್ನತ್ತೆ, ತಿಂಗಳಿಗೆ 7 ಯೂನಿಟ್ ಚಿಲ್ಲರೆ. ‘ಅಷ್ಟೇ ತಾನೇ, ಮಿಕ್ಸಿ ಕಡಿಮೆ ಓಡಿಸಿದ್ರಾಯ್ತು’ ಅಂದ್ಳು. ಇಡೀ ದಿನ ಓಡೋದಕ್ಕೂ ಐದು ನಿಮಿಷ ಓಡೋ ಮಿಕ್ಸಿಗೂ ಎಲ್ಲಿಂದೆಲ್ಲಿಗೆ ಸಂಬಂಧ, ಆದ್ರೆ ಒಪ್ಪಿಗೆ ಸಿಕ್ತಲ್ಲ, ನಾನ್ಯಾಕೆ ಬಾಯಿ ಬಿಡ್ಲಿ.

ವೆಬ್‌ಸೈಟ್ ಕೆಲಸ ಇಲ್ಲಿ, ನೋಡಿ, ಮುಗೀತು. ಕ್ಯಾಡಿ ಅಂತ ಒಂದು ವೆಬ್ ಸರ್ವರ್, ಡಿಎನ್‌ಎಸ್, ಅಂದ್ರೆ ಇಂಟರ್ನೆಟ್ಟಿನ ಹೆಸರು-ವಿಳಾಸದ ಪುಸ್ತಕದ ಮೂಲಕ ಡೊಮೇನ್ ನಮ್ಮದೇ ಅಂತ ತೋರಿಸೋ ಹಾಗೆ ಮಾಡಿದ್ರೆ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯಿಂದ ಸರ್ಟಿಫಿಕೇಟು ತಾನೇ ತರಿಸ್ಕೊಳ್ಳತ್ತೆ, ಅವಧಿ ಮುಗಿಯೋಕೆ ಮುಂಚೆ ಹೊಸದನ್ನೂ ತರಿಸ್ಕೊಳ್ಳತ್ತೆ. ಬ್ರೌಸರ್‌ನಲ್ಲಿ ಬೀಗದ ಗುರುತು ಬಂತಲ್ಲ, ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ.

ಇದು ಮನೆ ವೈಫೈನಲ್ಲಿ. ಹೊರಗಿಂದ ಬರಲ್ಲ. ರೂಟರ್ ಪುಟದಲ್ಲಿ ವ್ಯಾನ್ ಐಪಿ, ಅಂದ್ರೆ ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟಿರೋ ವಿಳಾಸ ನೋಡಿ: 100 ಅಂತ ಶುರುವಾಗಿ ಮುಂದಿನ ಅಂಕಿ 64ರಿಂದ 127ರ ಒಳಗಿದ್ರೆ ನೀವು ಸಿಜಿನ್ಯಾಟ್ ಹಿಂದಿದೀರಿ ಅಂತ. ಒಂದೇ ಸಾರ್ವಜನಿಕ ಐಪಿನ ಎಷ್ಟೋ ಮನೆಗೆ ಹಂಚಿರ್ತಾರೆ, ಹೊರಗಿಂದ ಬಾಗಿಲು ತಟ್ಟಿದ್ರೆ ಯಾವ ಮನೆ ಅಂತಾನೇ ಗೊತ್ತಾಗಲ್ಲ. ಕಂಪನಿಯವರನ್ನ ಬೈದು ಪ್ರಯೋಜನ ಇಲ್ಲ, ನಮ್ಮ ಕಡೆಗೆ ಐಪಿ ಹಂಚೋ ಏಪಿನಿಕ್ ಹತ್ರ ಐಪಿವಿ4 ಅನ್ನೋ ಹಳೇ ಮಾದರಿ ವಿಳಾಸಗಳು ತಳ ಕಂಡಿದ್ದೇ 2011ರ ಏಪ್ರಿಲ್‌ನಲ್ಲಿ. ಹಾಗಾಗಿ ಸ್ಟ್ಯಾಟಿಕ್ ಐಪಿ, ಅಂದ್ರೆ ನಮಗೇ ಅಂತ ಬದಲಾಗದ ಒಂದು ವಿಳಾಸ. ತಿಂಗಳಿಗೆ 200, ಮೇಲೆ ಶೇಕಡಾ 18 ಜಿಎಸ್‌ಟಿ, 236. ವರ್ಷದ್ದು ಒಟ್ಟಿಗೇ ಕಟ್ಬೇಕಂತೆ, 2,832. ಹೋಸ್ಟಿಂಗ್ ದುಡ್ಡು ಉಳಿಸೋಕೆ ಹೊರಟವಳು ನಾನು! ಕಟ್ಟಿದೆ. ಆ ಉಳಿತಾಯದ ಮಾತು ಇನ್ಮೇಲೆ ಬೇಡ.

ಈಗ ಇಮೇಲು. ನೀರು ಕುಡೀತೀನಿ ಇರಿ.

ಮೇಲ್ ಸಾಗಿಸೋ ಪೋಸ್ಟ್‌ಫಿಕ್ಸ್, ಬಂದ ಮೇಲ್ ತೆರೆದು ತೋರಿಸೋ ಡವ್‌ಕಾಟ್ ಹಾಕೋದು ಕಷ್ಟ ಅಂತ ಎಲ್ರೂ ಹೆದರಿಸ್ತಾರೆ. ಸುಳ್ಳು. ಒಂದು ಸಂಜೆ ಸಾಕು. ಕಷ್ಟ ಇರೋದು ನಿಮ್ಮ ಮೇಲ್‌ನ ಬೇರೆಯವರು ನಂಬೋದ್ರಲ್ಲಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್, ಮೇಲ್ ನಿಜವಾಗ್ಲೂ ನಮ್ಮದೇ ಅಂತ ತೋರಿಸೋ ಈ ಮೂರೂ ನಮ್ಮ ಡಿಎನ್‌ಎಸ್‌ನಲ್ಲೇ ಬರ್ಕೊಳ್ಳೋವು. ನಮ್ಮ ಕೈಲಿಲ್ಲದ್ದು ಎರಡು: ಪೋರ್ಟ್ 25, ಅಂದ್ರೆ ಸರ್ವರ್‌ಗಳು ಒಂದಕ್ಕೊಂದು ಮೇಲ್ ಕೊಡೋ ಬಾಗಿಲು, ಮತ್ತೆ ಪಿಟಿಆರ್. ಮನೆ ಕನೆಕ್ಷನ್‌ಗಳಲ್ಲಿ 25ನ್ನ ಸ್ಪ್ಯಾಮ್ ತಡೆಯೋಕೆ ಅಂತ ಸಾಮಾನ್ಯವಾಗಿ ಮುಚ್ಚಿರ್ತಾರೆ. ಮನವಿ ಬರ್ದು ಕೊಟ್ಟೆ, ತೆಗೆದ್ರು. ಪಿಟಿಆರ್ ಅಂದ್ರೆ ಉಲ್ಟಾ ದಾಖಲೆ. ಹೆಸರು ಕೊಟ್ರೆ ಐಪಿ ಹೇಳೋದನ್ನ ನಾನು ಬರೀಬಹುದು, ಐಪಿ ಕೊಟ್ರೆ ಹೆಸರು ಹೇಳೋದನ್ನ ಆ ಐಪಿಯ ಒಡೆಯರೇ ಬರೀಬೇಕು, ಅಂದ್ರೆ ಇಂಟರ್ನೆಟ್ ಕೊಡೋರು. ಅದು ಇಲ್ದಿದ್ರೆ ದೊಡ್ಡ ದೊಡ್ಡ ಮೇಲ್‌ನವರು ಟ್ರೂಕಾಲರ್‌ನಲ್ಲಿ ಹೆಸರು ಬಾರದ ನಂಬರ್ ಕಟ್ ಮಾಡೋ ಹಾಗೆ ಕಟ್ ಮಾಡ್ತಾರೆ.

ಫೋನ್ ಮಾಡಿದೆ. ಕಂಪನಿ ಹೆಸರು ಹೇಳಲ್ಲ, ಕೇಳ್ಲೂಬೇಡಿ.

‘ಮೇಡಂ, ಸ್ಪೀಡ್ ಬರ್ತಾ ಇಲ್ವಾ?’

‘ಬರ್ತಿದೆ.’

‘ರೂಟರ್‌ನಲ್ಲಿ ಕೆಂಪು ಲೈಟ್ ಇದ್ಯಾ?’

‘ಇಲ್ಲ. ಪಿಟಿಆರ್ ಬೇಕು.’

‘ಪ್ರಿಂಟರಾ ಮೇಡಂ?’

ನಗ್ಬೇಡಿ, ಪಾಪ ಆ ಹುಡುಗಿ ತಪ್ಪೇನಿಲ್ಲ, ಅವಳಿಗೆ ಕೊಟ್ಟಿರೋ ಕಾಗದದಲ್ಲಿ ಆ ಪದ ಇಲ್ಲ. ಕಂಪ್ಲೇಂಟ್ ಬರ್ಕೊಂಡ್ಳು. ಮಾರನೇ ದಿನ ಮಳೇಲಿ ನೆನ್ಕೊಂಡು ಒಬ್ಬ ಹುಡುಗ ಏಣಿ ಹೊತ್ಕೊಂಡು ಬಂದ. ಕೇಬಲ್ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಪವರ್ ಮೀಟರ್ ಹಿಡಿದು ‘ಮೈನಸ್ 19 ಇದೆ ಮೇಡಂ, ಸೂಪರ್ ಸಿಗ್ನಲ್’ ಅಂದ. ಸೂಪರ್ರೇ. ಪಿಟಿಆರ್ ಎಲ್ಲಪ್ಪಾ? ಅಮ್ಮ ಅವನಿಗೆ ಕಾಫಿ, ಪತ್ರೊಡೆ ಕೊಟ್ಲು. ಅವನು ಒಂದು ಬಾಟಲ್ ಮಿಡಿ ಉಪ್ಪಿನಕಾಯಿ ಕೊಂಡ್ಕೊಂಡು ಹೋದ, ಆಗ ಅವರ ನೆಟ್‌ವರ್ಕ್ ಕಡೆಯವರ ಇಮೇಲ್ ವಿಳಾಸ ಕೊಟ್ಟ. ಆ ಇಡೀ ಕಂಪನೀಲಿ ಉಪಯೋಗಕ್ಕೆ ಬಂದಿದ್ದು ಅವನೊಬ್ಬನೇ.

ಆ ವಿಳಾಸಕ್ಕೆ ಬರ್ದೆ. ಬಹಳ ದಿನ ಸುದ್ದಿ ಇಲ್ಲ. ಕೊನೆಗೆ ‘ಡನ್’ ಅಂತ ಒಂದೇ ಪದದ ಉತ್ತರ. ಈಗ ಕ್ಯಾಮೆರಾ ಹತ್ರ ತರ್ತೀನಿ, ಈ ಸಾಲು ನೋಡಿ. ನಮ್ಮ ಮೇಲ್ ಸರ್ವರ್ ಹೆಸರು ಸರಿಯಾಗಿ ಬಂದಿದೆ, ಡಾಟ್ ಇನ್ ತನಕ. ಅಲ್ಲಿಗೆ ನಿಂತಿಲ್ಲ! ಅದರ ಬಾಲಕ್ಕೆ ಐಪಿ ಅಂಕಿಗಳು ತಲೆಕೆಳಗಾಗಿ, ಆಮೇಲೆ ಇನ್-ಆಡ್ರ್ ಡಾಟ್ ಆರ್ಪ ಅಂತ ಅಂಟ್ಕೊಂಡಿದೆ. ಅವರ ಝೋನ್ ಫೈಲಿನಲ್ಲಿ, ಅಂದ್ರೆ ಈ ದಾಖಲೆಗಳನ್ನ ಬರೆದಿಡೋ ಫೈಲಿನಲ್ಲಿ, ಹೆಸರಿನ ಕೊನೇಲಿ ಒಂದು ಚುಕ್ಕೆ ಇಡ್ಬೇಕಿತ್ತು. ಚುಕ್ಕೆ ಇದ್ರೆ ಹೆಸರು ಅಲ್ಲಿಗೆ ಪೂರ್ತಿ ಅಂತ ಅರ್ಥ. ಇಲ್ದಿದ್ರೆ ಸರ್ವರ್ರು ‘ಅರ್ಧ ಬರೆದಿದಾರೆ, ಉಳಿದಿದ್ದು ನಾನೇ ಸೇರಿಸ್ತೀನಿ’ ಅಂತ ಇಡೀ ಝೋನ್ ಹೆಸರು ಹಚ್ಚತ್ತೆ. ಡಿಎನ್‌ಎಸ್ ಕಲಿಯೋರಿಗೆ ಮೊದಲನೇ ವಾರ ಹೇಳ್ಕೊಡೋ ಪಾಠ ಇದು! ಮತ್ತೆ ಬರ್ದೆ, ಚುಕ್ಕೆಗೆ ಕೆಂಪು ಬಣ್ಣ ಹಚ್ಚಿ ಸ್ಕ್ರೀನ್‌ಶಾಟ್ ಸಮೇತ. ಹಾಕಿದ್ರು. ಹಾಕಿದ್ರೂ ಹಳೇದೇ ಕಾಣ್ತಿತ್ತು, ಯಾಕಂದ್ರೆ ಟಿಟಿಎಲ್ 86,400 ಸೆಕೆಂಡು, ಅಂದ್ರೆ ಒಂದಿಡೀ ದಿನ ಹಳೇ ಉತ್ತರ ಎಲ್ಲರ ಕ್ಯಾಶ್‌ನಲ್ಲಿ ಕೂತಿರತ್ತೆ.

ಅಷ್ಟರಲ್ಲಿ ಕರೆಂಟ್ ಹೋಯ್ತು, ಈ ಶಾಟ್ ಕತ್ತಲಾಗಿದ್ದು ಅದಕ್ಕೇ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ರೂಟರ್‌ಗೆ ಒಂದು 12 ವೋಲ್ಟ್ ಪುಟ್ಟ ಯುಪಿಎಸ್ ಹಾಕಿದೀನಿ. ನಮ್ಮ ಕಡೆ ಆಷಾಢದಲ್ಲಿ ಮರ ಬಿದ್ರೆ ಯುಪಿಎಸ್ಸೂ ಸಾಲಲ್ಲ. ಆದ್ರೂ ಮೇಲ್ ಕಳೆದುಹೋಗಲ್ಲ. ಮೇಲ್ ಸಾಗಿಸೋ ಎಸ್‌ಎಂಟಿಪಿ 1982ರದ್ದು, ಲೈನ್ ಆಗಾಗ ಸಾಯ್ತಿದ್ದ ಕಾಲದ್ದು. ಈ ಕಡೆ ಯಾರೂ ಎತ್ತದಿದ್ರೆ ಕಳಿಸೋ ಸರ್ವರ್ ಸರತಿಯಲ್ಲಿ ಇಟ್ಕೊಂಡು ಮತ್ತೆ ಮತ್ತೆ ತಟ್ಟತ್ತೆ. ಪೋಸ್ಟ್‌ಫಿಕ್ಸ್ ಆದ್ರೆ 5 ದಿನ ಕಾಯತ್ತೆ. ಸಾಗರದ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ವೆಬ್‌ಸೈಟ್‌ಗೆ ಆ ಸೌಕರ್ಯ ಇಲ್ಲ, ಬಿತ್ತು ಅಂದ್ರೆ ಬಿತ್ತು. ಉಪ್ಪಿನಕಾಯಿ ಬೆಲೆ ನೋಡೋರು ನಾಳೆ ನೋಡ್ಲಿ.

ಅಂದ್ಹಾಗೆ ಬ್ಯಾಟರಿ ಸದಾ 100ರಲ್ಲಿ ಇಟ್ರೆ ಬೇಗ ಸವೀತದೆ, ಉಬ್ಬಲೂಬಹುದು. ನಂದ್ರಲ್ಲಿ 80ಕ್ಕೆ ನಿಲ್ಲೋ ಹಾಗೆ ಮಾಡಿದೀನಿ, ಎಲ್ಲ ಮಾಡೆಲ್‌ನಲ್ಲೂ ಬರಲ್ಲ. ಈಗಾಗ್ಲೇ ಉಬ್ಬಿದ್ರೆ ದಯವಿಟ್ಟು ಅದನ್ನ ಟಿವಿ ಕೆಳಗೆ ಇಡ್ಬೇಡಿ.

ಇದೇನು ಓಡ್ತಿದೆ… ಓ, ಲಾಗು, ಸರ್ವರ್‌ನಲ್ಲಿ ಏನೇನಾಯ್ತು ಅನ್ನೋ ದಿನಚರಿ. ಸ್ಟ್ಯಾಟಿಕ್ ಐಪಿ ಬಂದ ಕೂಡ್ಲೇ ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹಾಕ್ಕೊಂಡು ಎಲ್ಲೆಲ್ಲಿಂದಲೋ ಒಳಗೆ ಬರೋಕೆ ನೋಡ್ತಿದಾರೆ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ಪೂರ್ತಿ ಬಂದ್ ಮಾಡಿ, ಕೀ ಫೈಲು ಮಾತ್ರ ಇಡಿ. ಆಮೇಲೆ ಅವರು ವರ್ಷವಿಡೀ ತಟ್ಲಿ.

ಸರಿ, ಕೊನೇ ಪರೀಕ್ಷೆ. ಪಿಟಿಆರ್ ಸರಿ, ಡಿಕಿಮ್ ಪಾಸ್, ಎಸ್‌ಪಿಎಫ್ ಪಾಸ್. ಅತ್ತಿಗೆಗೆ ಕಳಿಸಿದೆ, ಸ್ಪ್ಯಾಮ್‌ಗೆ ಬಿತ್ತು. ಅಣ್ಣನ ಆಫೀಸ್ ವಿಳಾಸಕ್ಕೆ ಕಳಿಸಿದೆ, 550 ಅಂತ ವಾಪಸ್ ಬಂತು: ಈ ಐಪಿ ಮನೆ ಕನೆಕ್ಷನ್‌ಗಳ ಪಟ್ಟೀಲಿದೆಯಂತೆ, ಇಲ್ಲಿಂದ ನೇರವಾಗಿ ಮೇಲ್ ತಗೊಳ್ಳಲ್ವಂತೆ. ಅಂದ್ರೆ ನಾನು ಸ್ಪ್ಯಾಮ್ ಕಳಿಸಿದೆ ಅಂತ ಅಲ್ಲ, ನಾನು ಮನೇಲಿದೀನಿ ಅನ್ನೋದೇ ಅಪರಾಧ! ಆ ಚುಕ್ಕೆಗೋಸ್ಕರ ಅಷ್ಟು ಬಡಿದಾಡಿದ್ದು ಇದಕ್ಕಾ?

ಆ ರಾತ್ರಿ ಇಮೇಲ್ ಕಥೆನೇ ಬೇಡ ಅಂತ ಎಲ್ಲ ಅಳಿಸೋಕೆ ಹೊರಟಿದ್ದೆ. ಬೆಳಿಗ್ಗೆ ಮನಸ್ಸು ಬದಲಾಯ್ತು. ಬರೋ ಮೇಲ್‌ಗೆ ಈ ರಗಳೆ ಯಾವುದೂ ಇಲ್ಲ, ಯಾರು ಕಳಿಸಿದ್ರೂ ನೇರ ಟಿವಿ ಸ್ಟ್ಯಾಂಡಿಗೇ ಬಂದು ಬೀಳತ್ತೆ. ಹೋಗೋ ಮೇಲ್ ಮಾತ್ರ ನಮ್ಮ ಪರವಾಗಿ ಮುಂದೆ ಸಾಗಿಸೋ ಒಂದು ರಿಲೇ ಸೇವೆ ಮೂಲಕ ಕಳಿಸ್ತಿದೀನಿ. ಪೋಸ್ಟ್‌ಫಿಕ್ಸ್‌ನಲ್ಲಿ ರಿಲೇಹೋಸ್ಟ್ ಅಂತ ಒಂದು ಸಾಲು, ಒಂದು ಪಾಸ್‌ವರ್ಡ್ ಫೈಲು, ಎಸ್‌ಪಿಎಫ್‌ನಲ್ಲಿ ಅವರ ಹೆಸರು ಸೇರಿಸೋದು. ನಮ್ಮಷ್ಟು ಕಡಿಮೆ ಮೇಲ್‌ಗೆ ಅವರು ದುಡ್ಡು ಕೇಳಲ್ಲ. ‘ಅದೇನು ಸ್ವಂತ ಸರ್ವರ್ರು’ ಅಂತ ಅಣ್ಣ ಕಾಲೆಳೆದ. ಅಂಚೆಪೆಟ್ಟಿಗೆ ನಮ್ಮನೇಲಿದೆ, ಅದರೊಳಗಿನ ಕಾಗದ ಬೇರೆ ಯಾರೂ ಓದಲ್ಲ, ನನಗೆ ಅಷ್ಟು ಸಾಕು. ಅವನ ಮನೆ ಕಂಪ್ಯೂಟರಿಗೇ ದಿನಾ ರಾತ್ರಿ ಆರ್‌ಸಿಂಕ್‌ನಲ್ಲಿ ಬ್ಯಾಕಪ್ ಹೋಗತ್ತೆ, ಹಾಗಾಗಿ ಹೆಚ್ಚು ಜಗಳ ಆಡಲ್ಲ.

ಕಾರ್ಡ್ ತುಂಬ್ತಾ ಬಂತು. ಪಾಸ್‌ವರ್ಡ್ ಅಳಿಸಿ ಕಾನ್ಫಿಗ್ ಎಲ್ಲ ಕೆಳಗೆ ಹಾಕಿರ್ತೀನಿ. ಪರೀಕ್ಷೆ ಮಾಡ್ತೀವಿ ಅಂತ ದೊಡ್ಡ ದೊಡ್ಡ ಫೋಟೋ ಕಳಿಸ್ಬೇಡಿ, ಡಿಸ್ಕ್ ಚಿಕ್ಕದು. ಮತ್ತೆ ಈ ವರ್ಷದ ಅಪ್ಪೆಮಿಡಿ ಖಾಲಿ, ಆರ್ಡರ್ ಬೇಡ, ಅಮ್ಮ ಬೈತಾಳೆ.